ಅಂಗೈ ಮೇಲೆ ಕೂತವರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪೋತ್ನಾಳದ ಕನಕಮ್ಮನ ಜೊತೆ ಭತ್ತದ ನಾಟಿ ಮಾಡಿದವರು, ಅವಳ ಕೈಯಲ್ಲಿ ಉಂಡವರು, ಅವಳಿಂದ ಬೈಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಇರುವಾಗ ಅವಳನ್ನು ಮಣ್ಣು ಮಾಡಿದ ದಿನದ ಕತೆಯನ್ನು, ಆ ಒಂದು ದಿನಕ್ಕೆಂದು ರಾಯಚೂರಿನಿಂದ ಬಂದುಹೋದ ನಾನು ಹೇಳುವುದು ಸರಿಯೋ ತಪ್ಪೋ ತಿಳಿಯದು. ಹೇಳದೆ ಇರಲಿಕ್ಕೂ ಆಗಲಿಲ್ಲ. ಎಲ್ಲಾದರೂ ಹೆಚ್ಚುಕಡಿಮೆ ಆಗಿದ್ದರೆ ಅಲ್ಲಿದ್ದವರು ತಿದ್ದಬೇಕು.

"ಬಿಗಿಯಾಗಿ ಕಟ್ಟಿಕೊಳ್ಳೋ. ಮಣ್ಣು ಕೊಡೋ ಮುಂದ ಬಿಚ್ಚಿದ್ರ ಮರ್ಯಾದಿ ಹೋಗ್ತದ," ಎನ್ನುತ್ತ ವಿರೂಪಣ್ಣ ತನ್ನ ಮಗ ಅಂಜಿನೇಯನ ಸೊಂಟಕ್ಕೆ ಹೊಸ ಬಿಳಿ ಪಂಜೆ ಸುತ್ತುತ್ತಿದ್ದ. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಹಮಾಲರ ಮೇಲ್ವಿಚಾರಕ ಮುಕಾದಮನಾಗಿದ್ದವನು ಅವನು. ಲಾರಿ ತುಂಬುವುದು ತಡವಾದರೆ ತಡೆಯಲಾರದೆ ತಾನೇ ಚೀಲಕ್ಕೆ ಹೆಗಲು ಕೊಡುತ್ತಿದ್ದ. ಸತ್ತವಳು ಅವನ ಒಬ್ಬಳೇ ತಂಗಿ. ಸುದ್ದಿ ಬಂದ ಕೂಡಲೇ ಮಗನನ್ನು ಎಬ್ಬಿಸಿಕೊಂಡು ಮೊದಲ ಬಸ್ಸಿಗೆ ಬಂದಿದ್ದ.

"ಯಪ್ಪಾ, ಪಂಪಣ್ಣ ಅದಾನಲ್ಲ?" ಅಂಜಿನೇಯ ಮೆಲ್ಲಗೆ ಕೇಳಿದ. "ಹಡದ ಮಗ ಇರೋ ಮುಂದ ನಾ ಯಾಕ ಮೊದಲ್ನೇ ಮಣ್ಣು ಕೊಡ್ಲಿ?"

"ಅವನ ಕೈ ನೋಡೀಯಿಲ್ಲೋ?"

ಪಂಪಾಪತಿ ಅಲ್ಲೇ ಕಟ್ಟೆಯ ಮೇಲಿದ್ದ. ಮೂವತ್ತನಾಲ್ಕು ವರ್ಷದವನು. ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾದದ್ದು. ಅಂದಿನಿಂದ ಕೈಕಾಲು ಅವನ ಮಾತನ್ನು ಸುಲಭಕ್ಕೆ ಕೇಳಿದ್ದಿಲ್ಲ. ಎದುರಿಗಿದ್ದ ಲೋಟಕ್ಕೆ ಕೈ ಚಾಚಿದರೆ ಆ ಕೈ ಮೊದಲು ಬೆನ್ನ ಹಿಂದಕ್ಕೆ ಹೋಗಿ, ತಲೆಯ ಮೇಲೊಂದು ಸುತ್ತು ಹಾಕಿ, ಆಮೇಲೆ ಲೋಟದ ಕಡೆ ಬರುತ್ತಿತ್ತು. ಮಾತೂ ಹಾಗೆಯೇ, ಹೊರಟರೆ ಮುಟ್ಟುವುದಕ್ಕೆ ಹೊತ್ತು ಬೇಕು. ಅವನ ಪಕ್ಕದಲ್ಲಿ ಕನಕಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಬಾಯಿಗೆ ಎಲೆಅಡಿಕೆ. ಮಗನ ಮಾತು ಮುಗಿಯಲೆಂದು ಕೂತ ಹಾಗೆಯೇ ಕಾಣುತ್ತಿದ್ದಳು.

"ವಿರೂಪಣ್ಣೋರ, ಅವನ್ನ ಒಂದು ಮಾತು ಕೇಳಬೇಕಿಲ್ರೀ?" ಎಂದ ಪಕ್ಕದ ಮನೆಯ ದಸ್ತಗೀರ್ ಸಾಬ್. ಊರಿನ ಹಿಟ್ಟಿನ ಗಿರಣಿ ಅವನದು.

"ಕೇಳೀನಿ. ಏನೂ ಅನ್ನಲಿಲ್ಲ."

"ಕೇಳಿ ಎಷ್ಟೊತ್ತು ನಿಂತ್ರಿ?"

"ಎಷ್ಟೊತ್ತು ಅಂದ್ರ? ಕೇಳಿದೆ, ಅನ್ನಲಿಲ್ಲ, ಬಂದೆ."

"ಅಷ್ಟೇ ನೋಡ್ರಿ. ನೀವು ಎದ್ದು ಬಂದ್ರಿ, ಅವನ ಉತ್ತರ ಇನ್ನಾ ಹಾದ್ಯಾಗ ಅದ."

ಎಲ್ಲರೂ ಪಂಪಾಪತಿಯ ಕಡೆ ತಿರುಗಿದರು. ನಿಜವಾಗಿಯೂ ಅವನ ತುಟಿ ಆಡುತ್ತಿತ್ತು. ಕುತ್ತಿಗೆ ಒಂದು ಕಡೆ ಜಗ್ಗಿತು, ಕಣ್ಣು ಮೇಲಕ್ಕೆ ಹೋದವು. ಅಂಗಳದಲ್ಲಿ ಕೂತ ಹತ್ತಿಪ್ಪತ್ತು ಜನ ಪೋತ್ನಾಳದವರು ಮಾತು ನಿಲ್ಲಿಸಿದರು. ಅವರಿಗೆ ಇದು ಹೊಸದಲ್ಲ. ಗಿರಣಿಯ ಸ್ಟಾರ್ಟರಿನ ಹಸಿರು ಗುಂಡಿಯ ಮೇಲೆ ದಸ್ತಗೀರ್ ಸಾಬ್ ಒಂದು ಅಗಲ ಹಲಗೆ ಕೂರಿಸಿ, ಅದನ್ನು ಒತ್ತುವ ಕೆಲಸ ಪಂಪನಿಗೆ ಕೊಟ್ಟು ಹನ್ನೆರಡು ವರ್ಷವಾಗಿತ್ತು. ಪಂಪನ ಕೈ ಹಲಗೆಗೆ ಬಂದು ಮುಟ್ಟುವವರೆಗೆ ಜೋಳದ ಡಬ್ಬಿ ಹಿಡಿದು ನಿಲ್ಲುವುದು ಊರಿಗೇ ಅಭ್ಯಾಸ.

"ನಾ... ನಾ ಕೊಡ್ತೀನಿ," ಎಂದ ಪಂಪಾಪತಿ. ಮತ್ತೆ ಸ್ವಲ್ಪ ಹೊತ್ತಿಗೆ, "ಮಾವ."

"ಆತಲ್ರೀ!" ದಸ್ತಗೀರ್ ಸಾಬ್ ತೊಡೆ ತಟ್ಟಿದ.

ವಿರೂಪಣ್ಣನ ಮುಖ ಬಿಗಿಯಿತು. "ಕೊಡ್ತೀನಿ ಅಂದ್ರ ಮುಗೀತೇನ್ರಿ? ಕುಣಿ ಆಳ ಅದ. ದಂಡಿಗೆ ಕುಂದ್ರಿಸಿದ್ರ ಜೋಲಿ ಹೋಗಿ ತಾಯಿ ಮ್ಯಾಲೇ ಬಿದ್ದಾನು. ಮಂದಿ ನಗಬೇಕೇನು? ನನ್ನ ತಂಗಿ ಮಣ್ಣಿಗೆ ಬಂದು ಮಂದಿ ನಗಬೇಕಾ?"

ಯಾರಾದರೂ ಏನಾದರೂ ಹೇಳುತ್ತಿದ್ದರೋ ಏನೋ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಒಂದಲ್ಲ, ಮೂರು ಟಂಟಂ ಆಟೊ ಒಂದರ ಹಿಂದೊಂದು ಬಂದು ನಿಂತವು. ಮೊದಲನೆಯದರ ಮೇಲೆ ಮೂರು ಗಾಲಿಕುರ್ಚಿಗಳನ್ನು ಹಗ್ಗದಿಂದ ಬಿಗಿದಿದ್ದರು.

*

ಮೂವತ್ತು ವರ್ಷದ ಹಿಂದೆ ಪಂಪನನ್ನು ಸೊಂಟದ ಮೇಲೆ ಹೊತ್ತುಕೊಂಡು ಕನಕಮ್ಮ ರಾಯಚೂರಿನ ಒಂದು ಶಿಬಿರಕ್ಕೆ ಹೋಗಿದ್ದಳು. ಗಂಡ ತಾಯಣ್ಣ ಆಗ ಇನ್ನೂ ಇದ್ದ. "ಹೋಗಿ ಬಾ, ನಾನು ರೊಟ್ಟಿ ಬಡಕೊಂಡು ಉಣ್ತೀನಿ" ಎಂದು ಬಸ್ಸಿಗೆ ಹತ್ತಿಸಿದ್ದ. ಶಿಬಿರದಲ್ಲಿ ಹತ್ತು ಮಂದಿ ತಾಯಂದಿರು, ಹತ್ತು ಮಕ್ಕಳು. ಕಲಿಸುವ ಬಾಯಾರು ಪ್ರತಿ ಮಗುವಿನ ಮುಂದೆ ಸಾರಿನಲ್ಲಿ ನೆನೆಸಿದ ರೊಟ್ಟಿಯ ತಟ್ಟೆ ಇಟ್ಟು, "ಈಗ ತಾಯಂದಿರು ಕೈ ಹಿಂದಕ್ಕೆ ತಗೋಬೇಕು. ಮಕ್ಕಳು ತಾವೇ ಉಣ್ಣಬೇಕು," ಎಂದರು.

ಎಲ್ಲರೂ ಕೈ ತೆಗೆದರು. ಬಾಯಾರು ಆ ಕಡೆ ತಿರುಗಿದ ಕೂಡಲೇ ಎಲ್ಲರೂ ಒಂದೊಂದು ತುತ್ತು ತುರುಕಿದರು. ಕನಕಮ್ಮನೂ ತುರುಕಿದಳು. ಸಿಕ್ಕಿಬಿದ್ದಳು.

"ಕನಕಮ್ಮ, ಕೈ."

"ನಾ ಏನ್ ಮಾಡ್ಲಿರೀ ಬಾಯಾರ? ನಾ ಬ್ಯಾಡ ಅಂದ್ರೂ ಅವು ತಾವೇ ಹೋಗ್ತಾವ."

ಎಲ್ಲರೂ ನಕ್ಕರು. ಅವಳಿಗೆ ಸಿಟ್ಟು ಬಂತು, ಬಾಯಾರ ಮೇಲಲ್ಲ, ತನ್ನ ಕೈಗಳ ಮೇಲೆ. ಎರಡೂ ಅಂಗೈಯನ್ನು ಚಾಪೆಯ ಮೇಲೆ ಹಾಸಿ ಅವುಗಳ ಮೇಲೆ ಭದ್ರವಾಗಿ ಕೂತುಬಿಟ್ಟಳು.

ಮೊದಲ ದಿನ ಪಂಪ ಅತ್ತ. ಅವಳೂ ಅತ್ತಳು, ಕಣ್ಣೊರೆಸಲು ಕೈ ಇರಲಿಲ್ಲ. ಎರಡನೆಯ ದಿನ ತಟ್ಟೆ ಉರುಳಿತು. ಮೂರನೆಯ ದಿನ ಬೆರಳು ರೊಟ್ಟಿಗೆ ಮುಟ್ಟಿದವು. ನಾಲ್ಕನೆಯ ದಿನ ಒಂದು ತಾಸು ಹತ್ತು ನಿಮಿಷಕ್ಕೆ ಒಂದು ತುತ್ತು ಮೊದಲು ಕಿವಿಗೆ ಹತ್ತಿ, ಮೂಗಿಗೆ ಹತ್ತಿ, ಕೆನ್ನೆಯ ಮೇಲೆ ಹರಿದು, ಬಾಯಿ ಸೇರಿತು. ನಾಲ್ಕು ವರ್ಷದ ಮಗು ಅದನ್ನು ಜಗಿಯದೆ ಬಾಯಲ್ಲೇ ಇಟ್ಟುಕೊಂಡು ತಾಯಿಯ ಮುಖ ನೋಡಿತು. ಕನಕಮ್ಮ ಎಂಥ ಕೂಗು ಹಾಕಿದಳೆಂದರೆ, ಹೊರಗೆ ಚಹಾ ಕುಡಿಯುತ್ತಿದ್ದವರು ಯಾರಿಗೋ ಹಾವು ಕಚ್ಚಿತೆಂದು ಓಡಿಬಂದರು.

ಆಮೇಲೆ ಕೈ ತೆಗೆದು ನೋಡಿಕೊಂಡಳು. ಅಂಗೈ ತುಂಬ ಚಾಪೆಯ ಹೆಣಿಗೆಯ ಗುರುತು ಮೂಡಿತ್ತು.

*

"ಇವರೆಲ್ಲ ಯಾರು?" ವಿರೂಪಣ್ಣ ಕೇಳಿದ.

ಹನ್ನೊಂದು ಗಂಟೆಗೆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೇವದುರ್ಗದ ಕಡೆಯಿಂದ ಬಂದವರು, ಮಾನ್ವಿಯವರು, ಬಾಗಲವಾಡದವರು, ರಾಯಚೂರಿನಿಂದ ಬಸ್ಸಿಗೆ ಬಂದವರು. ಸೊಂಟದ ಮೇಲೆ ಮಕ್ಕಳು, ಗಾಲಿಕುರ್ಚಿಯಲ್ಲಿ ದೊಡ್ಡವರಾದ ಮಕ್ಕಳು, ಕೋಲು ಹಿಡಿದವರು, ಕೈಸನ್ನೆಯಲ್ಲೇ ಜೋರಾಗಿ ಜಗಳವಾಡುತ್ತಿದ್ದ ಇಬ್ಬರು ಕಿವುಡ ಅಣ್ಣತಮ್ಮಂದಿರು. ಶಾಲೆಯ ಅಡುಗೆ ಕೋಣೆಯಲ್ಲಿ ಸಾರು ಕುದಿಸುತ್ತಿದ್ದ ಕನಕಮ್ಮನಿಗೆ ಇಷ್ಟು ಬಳಗ ಎಲ್ಲಿಂದ ಬಂತೆಂದು ಪೋತ್ನಾಳದವರೇ ಬಾಯಿ ಬಿಟ್ಟರು. ಭಾನುವಾರ ಭಾನುವಾರ ಅವಳು ಬಸ್ಸು ಹತ್ತಿ ಹೋಗುತ್ತಿದ್ದದ್ದು ಗೊತ್ತಿತ್ತು. ಎಲ್ಲಿಗೆ, ಎಷ್ಟು ಮನೆಗೆ ಎನ್ನುವುದು ಗೊತ್ತಿರಲಿಲ್ಲ. ಚಹಾದ ಅಂಗಡಿಯವನು ಮೂರು ಸಲ ಹಾಲು ತರಿಸಿದ. ಹಲಗಿ ಬಾರಿಸುವವರು ಇಷ್ಟು ಮಂದಿಯನ್ನು ಕಂಡ ಹುರುಪಿಗೆ ಕೇಳದೆಯೇ ಬೆಂಕಿ ಹಾಕಿ ಹಲಗಿ ಕಾಸಲು ಕೂತರು.

"ಇವರಾ?" ಎಂದಳು ಗದ್ದೆಮ್ಮ. ಮೊದಲ ಟಂಟಂನಲ್ಲಿ ದೇವದುರ್ಗದಿಂದ ಬಂದಿಳಿದ, ಎತ್ತರದ ಧ್ವನಿಯ ಹೆಂಗಸು. "ನಿಮ್ಮ ತಂಗಿ ಕೈ ಮ್ಯಾಲೆ ಕುಂದ್ರಿಸಿದವರ್ರೀ ಯಣ್ಣಾ. ನಮ್ಮ ವಾಟ್ಸಾಪ್ ಗುಂಪಿನ ಹೆಸರೇ ಅದು, 'ಕೈ ಮ್ಯಾಲೆ ಕುಂತವರು'. ಓದಾಕ ಬರದವರೇ ಭಾಳ ಮಂದಿ, ಎಲ್ಲಾ ಬಾಯಿಲೇ ಹೇಳಿ ಕಳಸ್ತೀವಿ. ಮುಂಜಾನಿ ಜಾಹೆದಾ ಅಳಕೊಂತ ಹಾಕಿದ್ಲು ಸುದ್ದಿ. ಹಾಲು ಕಾಸಾಕಿ ಹಾಲು ಬಿಟ್ಟು, ಕಸ ಹೊಡ್ಯಾಕಿ ಕಸಬರಿಗಿ ಬಿಟ್ಟು ಬಂದಾರ."

"ಹೊಲಿಗಿ ಮಿಷನ್ನಿನಾಗ ಸೂಜಿ ಹಂಗೇ ಬಿಟ್ಟು ಬಂದೀನಿ," ಎಂದಳು ಮಾನ್ವಿಯ ಜಾಹೆದಾ, ಮೂಗು ಒರೆಸಿಕೊಳ್ಳುತ್ತ. "ನನ್ನ ಮಗಗ ಗುಂಡಿ ಹಾಕ್ಕೊಳ್ಳಾಕ ಕಲಿಸೋ ಮುಂದ ಆರು ತಿಂಗಳು ನನ್ನ ಬೈದಾಳ್ರೀ. 'ಏ ಜಾಹೆದಾ, ಗುಂಡಿ ಯಾರದು? ಅಂಗಿ ಯಾರದು? ನಿಂದೇನು ನಡುವ?' ಅಂತ. ಈಗ ಅಂವ ತಾನೇ ಹಾಕ್ಕೊಂತಾನ. ಒಂದು ಮ್ಯಾಲೆ ಒಂದು ಕೆಳಗ. ನಾ ಸುಮ್ಮನಿರ್ತೀನಿ."

ಗದ್ದೆಮ್ಮನ ಮಗಳು ದುರ್ಗಾದೇವಿ ಗಾಲಿಕುರ್ಚಿಯಲ್ಲಿ ಬಂದು ಕಟ್ಟೆಯ ಮುಂದೆ ನಿಂತಳು. ಹತ್ತೊಂಬತ್ತರ ಹುಡುಗಿ. ಅವಳಿಗೆ ಆಡುವುದು ಎಡಗೈ ಒಂದೇ. ದೇವದುರ್ಗದ ಬಸ್ ನಿಲ್ದಾಣದ ಹತ್ತಿರ ಹೂ ಕಟ್ಟಿ ಮಾರುತ್ತಾಳೆ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಹೆಬ್ಬೆರಳಿಗೆ ಸುತ್ತಿ. ಮನೆಯಿಂದ ಹೊರಟಾಗ ಶುರು ಮಾಡಿದ ಮಾಲೆ ಪೋತ್ನಾಳ ಮುಟ್ಟುವವರೆಗೆ ಮೊಳಕ್ಕಿಂತ ತುಸು ಹೆಚ್ಚಾಗಿತ್ತು. ಕೊರಳಿಗೆ ಸುತ್ತು ಬರುವಷ್ಟು ಇರಲಿಲ್ಲ.

"ಹಾದಿ ಕೆಟ್ಟಿತ್ತು," ಎಂದಳು ಹುಡುಗಿ, ಅಪರಾಧ ಮಾಡಿದವಳಂತೆ. "ಇಲ್ಲಾಂದ್ರ ಎರಡು ಮೊಳ ಆಗತಿತ್ತು."

"ನಾಕು ಹೂವು ನೀನಾದ್ರೂ ಕಟ್ಟಬಾರದಾಗಿತ್ತೇನವಾ ತಾಯಿ?" ಎಂದ ವಿರೂಪಣ್ಣ ಗದ್ದೆಮ್ಮನಿಗೆ. ಕೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ.

"ಕೈ ಅಡವಿದ್ದವ್ರೀ," ಎಂದಳು ಗದ್ದೆಮ್ಮ. "ಟಂಟಂನ್ಯಾಗ ಉದ್ದಕ್ಕೂ ಅವುಗಳ ಮ್ಯಾಲೇ ಕುಂತು ಬಂದೀನಿ. ತಗ್ಗು ಬಂದಾಗೆಲ್ಲ ಜೀವ ಹೋಗತಿತ್ತು."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಕ್ಕವರೇ ಶವದ ಕಡೆ ನೋಡಿ ಸೆರಗು ಬಾಯಿಗೆ ಹಿಡಿದರು. ಆಮೇಲೆ ಅತ್ತರು. ಆ ದಿನವೆಲ್ಲ ಹಾಗೆಯೇ ಇತ್ತು: ಅಳು ಎಲ್ಲಿ ಮುಗಿದು ನಗು ಎಲ್ಲಿ ಶುರುವಾಯಿತೆಂದು ಹೇಳಲಾಗುತ್ತಿರಲಿಲ್ಲ.

ಮಾಲೆಯನ್ನು ಕನಕಮ್ಮನ ಮಡಿಲಲ್ಲಿ ಇಟ್ಟರು. ಇಡುವಾಗ ಅವಳ ಬಲ ಅಂಗೈಯನ್ನು ಜಾಹೆದಾ ಬಿಡಿಸಿ ನೋಡಿದಳಂತೆ. ಏನು ಹುಡುಕಿದಳೋ. ಇಳಿವಯಸ್ಸಿನ ಅಂಗೈ, ಗೆರೆಗಳೇ ಇದ್ದವು.

ಅಷ್ಟರಲ್ಲಿ ಪಂಪ ಮಣ್ಣು ಕೊಡುವ ಸುದ್ದಿ ಓಣಿಯ ತುದಿ ಮುಟ್ಟಿತ್ತು. "ಕೊಡ್ತಾನಂತ?" "ಅವನೇ ಅಂದಾನಂತ." "ಮಾವ ಒಪ್ಪವಲ್ಲ." ಕಟ್ಟೆಕಟ್ಟೆಯ ಮೇಲೆ ಅದೇ ಮಾತು. ಹಲಗಿಯವರಲ್ಲೇ ಎರಡು ಪಾರ್ಟಿಗಳಾದವು.

ವಿರೂಪಣ್ಣ ಗದ್ದೆಮ್ಮನನ್ನು ಗೋಡೆಯ ಮರೆಗೆ ಕರೆದ. "ನೋಡವಾ, ನಾನೂ ಒಂದು ಹೆಜ್ಜಿ ಹಿಂದಕ್ಕ ಬರ್ತೀನಿ. ಅಂವ ಕುಣಿ ದಂಡಿಗೆ ಕುಂದ್ರಲಿ. ನಾ ಹಿಂದ ಕುಂತು ಅವನ ಕೈ ಹಿಡದು ಮಣ್ಣು ಹಾಕಸ್ತೀನಿ. ಅವಂದೂ ಆತು, ಶಾಸ್ತ್ರಾನೂ ಆತು."

"ಕೈ ನೀವು ಹಿಡದ್ರ ಮಣ್ಣು ಕೊಟ್ಟವರು ನೀವಾಗ್ತೀರಿ, ಯಣ್ಣಾ."

"ಬಿದ್ರ ಯಾರು ಹೊಣಿ? ನೀ ಹೊಣಿ ಏನು?" ವಿರೂಪಣ್ಣ ಗೋಡೆಗೆ ಕೈ ಊರಿದ. "ನಿಮಗ ಗೊತ್ತಿಲ್ಲ. ಆಕಿ ಹಿಂಗ ಕುಂತಾಗ ಏನಾಗಿತ್ತು ಅನ್ನೋದು ನಾ ನೋಡೀನಿ."

*

ಅವನು ನೋಡಿದ್ದು ನಿಜ.

ಪಂಪನಿಗೆ ಒಂಬತ್ತು ತುಂಬಿತ್ತು. ಕನಕಮ್ಮ ಗಂಜಿಯ ಬಟ್ಟಲು ಅವನ ಮುಂದೆ ಇಟ್ಟು ಎಂದಿನಂತೆ ಕೈ ಮೇಲೆ ಕೂತಿದ್ದಳು. ಅವನು ಬಟ್ಟಲನ್ನೇ ಎತ್ತಲು ಹೊರಟದ್ದು ಅದೇ ಮೊದಲು. ಎತ್ತಿಯಾನು, ಎತ್ತಲಿ ತಾಯಿ ಎಂದು ಅವಳು ಕಣ್ಣು ಮುಚ್ಚಿ ದೇವರನ್ನು ನೆನೆದಳು. ಗಂಜಿ ಇನ್ನೂ ಕುದಿಬಿಸಿ ಇತ್ತು. ಬಟ್ಟಲು ತೊಡೆಯ ಮೇಲೆ ಮಗುಚಿತು.

ರಾಯಚೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ. ವಿರೂಪಣ್ಣ ದಿನಾ ಮಾರುಕಟ್ಟೆಯಿಂದ ನೇರ ಬರುತ್ತಿದ್ದ. ಎರಡನೆಯ ದಿನ ವಾರ್ಡಿನ ಎಲ್ಲರೂ ಕೇಳುವಂತೆ, "ತಾಯೇನ ನೀ? ಕೂಸು ಸುಡೋ ಮುಂದ ಕೈ ಕಟಗೊಂಡು ಕುಂತೀಯಲ್ಲ, ತಾಯೇನ?" ಎಂದ.

ಆಮೇಲೆ ಒಂದು ತಿಂಗಳು ಅಣ್ಣನ ಮನೆಯಲ್ಲೇ ಇದ್ದಳು. ಕಲಿಸುವುದೆಲ್ಲ ಬಿಟ್ಟಳು. ತಾನೇ ಕಲಸಿ ತಾನೇ ಉಣ್ಣಿಸಿದಳು. ವಿರೂಪಣ್ಣನೂ ಪ್ರೀತಿಯಿಂದ ತುತ್ತು ಮಾಡಿ ಬಾಯಿಗೆ ಹಿಡಿಯುತ್ತಿದ್ದ. ಪಂಪ ಮೊದಲು ಉಂಡ. ವಾರ ಕಳೆದ ಮೇಲೆ ಅರ್ಧ ಉಂಡ. ಆಮೇಲೆ ಹಲ್ಲು ಕಚ್ಚಿ ಬಾಯಿ ಬಿಗಿದುಬಿಟ್ಟ. ಎರಡು ದಿನ ನೀರು ಬಿಟ್ಟು ಏನೂ ಒಳಗೆ ಹೋಗಲಿಲ್ಲ. ಮೂರನೆಯ ದಿನ ವಿರೂಪಣ್ಣ ಬೆರಳಿನಿಂದ ತುಟಿ ಬಿಡಿಸಲು ಹೋದಾಗ ಹುಡುಗ ಕಚ್ಚಿದ. ರಕ್ತ ಬಂತು.

ಕನಕಮ್ಮ ಎದ್ದು ಒಳಗೆ ಹೋಗಿ ತಟ್ಟೆಗೆ ರೊಟ್ಟಿ ಸಾರು ಹಾಕಿದಳು. ಸಾರಿನಲ್ಲಿ ಬೆರಳಿಟ್ಟು ಬಿಸಿ ನೋಡಿದಳು. ನೆಲದ ಮೇಲೆ ಮಗನ ಮುಂದೆ ಇಟ್ಟು, ಕೈ ಮೇಲೆ ಕೂತಳು. ಈ ಸಲ ಕಣ್ಣು ಮುಚ್ಚಲಿಲ್ಲ. ಪಂಪ ಬಾಯಿ ತೆರೆದ.

ಅವಳು ಆಮೇಲೆ ಹೋದ ಮನೆಮನೆಯಲ್ಲೂ ಹೇಳಿದ್ದು ಎರಡೇ ಮಾತು: ಕೈ ಮ್ಯಾಲೆ ಕುಂದ್ರು, ಕಣ್ಣು ಮುಚ್ಚಬ್ಯಾಡ. ಎರಡನೆಯದಕ್ಕೆ ತನ್ನ ಮಗನ ತೊಡೆಯ ಕಲೆ ಕಾರಣ ಎನ್ನುವುದನ್ನೂ ಮುಚ್ಚಿಡದೆ ಹೇಳುತ್ತಿದ್ದಳು. ವಿರೂಪಣ್ಣನಿಗೆ ಆ ಕಲೆ ಮಾತ್ರ ನೆನಪಿನಲ್ಲಿ ಉಳಿಯಿತು. ಬೆರಳಿನ ಗಾಯ ಮಾಯ್ದು ಯಾವ ಕಾಲವಾಗಿತ್ತೋ.

*

ಮೂರು ಗಂಟೆಗೆ ಚಟ್ಟ ಎದ್ದಿತು. ಹಲಗಿ ಗುಡುಗಿತು.

ಸ್ಮಶಾನ ಕಾಲುವೆಯ ಆಚೆ. ಕಾಲುವೆಯ ಏರಿಯ ಮೇಲೆ ಹಿಂದಿನ ದಿನವಷ್ಟೇ ಟ್ರ್ಯಾಕ್ಟರ್ ಓಡಾಡಿ ಎರೆಮಣ್ಣಿನಲ್ಲಿ ಮೊಣಕಾಲುದ್ದ ಗಾಲಿಯ ಹಾದಿ ಬಿದ್ದಿತ್ತು. ಮುಂದೆ ಚಟ್ಟ, ಹಿಂದೆ ಪಂಪನ ಕುರ್ಚಿ, ಅದರ ಹಿಂದೆ ಹದಿನಾಲ್ಕು ಗಾಲಿಕುರ್ಚಿ, ಮೂರು ಗಾಲಿಯ ಸೈಕಲ್ಲುಗಳು, ಕೋಲುಗಳು. ಮೊದಲ ಕುರ್ಚಿ ಹೂತುಕೊಂಡಾಗ ಎಲ್ಲರೂ ನಿಂತರು. ಆಗ ಪೋತ್ನಾಳದ ಗಂಡಸರು, ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಲ್ಲುತ್ತಿದ್ದವರೇ, ಪಂಜೆ ಮೇಲಕ್ಕೆ ಕಟ್ಟಿ ಬಂದರು. ಒಂದೊಂದು ಕುರ್ಚಿಗೆ ನಾಲ್ಕು ಜನ. ಕುರ್ಚಿಗಳು ಹೆಗಲ ಮೇಲೆ ಎದ್ದವು.

"ಯವ್ವಾ, ನಾನೂ ಚಟ್ಟದಾಗ ಹೊಂಟಂಗ ಆಗೇದ!" ಎಂದು ದುರ್ಗಾದೇವಿ ಮೇಲಿನಿಂದ ಕೂಗಿದಳು.

"ನಿಂದು ಇನ್ನಾ ದೂರ ಅದ, ಗಟ್ಟಿ ಹಿಡಕೋ ಬೇ!" ಎಂದಳು ಗದ್ದೆಮ್ಮ.

ಹಲಗಿಯವರಿಗೆ ಮೈಮೇಲೆ ಬಂದಂತಾಯಿತು. ಎದುರಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು ಎದ್ದು ನಿಂತು ನೋಡಿದರು: ಆಕಾಶಕ್ಕೆ ಅಂಟಿಕೊಂಡಂತೆ ಸಾಲಾಗಿ ತೇಲುತ್ತ ಹೋಗುವ ಕುರ್ಚಿಗಳು. ಕಳೆ ಬಿಟ್ಟು ಅವರೂ ಬಂದು ಸೇರಿಕೊಂಡರು.

ಕನಕಮ್ಮನನ್ನು ಕುಣಿಗೆ ಇಳಿಸಿದರು. ಪಂಪನನ್ನು ದಂಡೆಯ ಮೇಲೆ ಗೋಣಿ ಹಾಸಿ ಕೂರಿಸಿದರು. ವಿರೂಪಣ್ಣ ಅವನ ಬೆನ್ನಿಗೆ ಬಂದು ಮಂಡಿಯೂರಿದ.

"ನಿಂದ್ರಿ," ಎಂದ ದಸ್ತಗೀರ್ ಸಾಬ್. ಅವನ ಹೆಗಲ ಮೇಲೆ ಗಿರಣಿಯ ಹಳೆಯ ಪಟ್ಟಾ ಇತ್ತು, ಮೋಟಾರಿನಿಂದ ಕಲ್ಲಿಗೆ ಹೋಗುವ ದಪ್ಪ ರಬ್ಬರಿನದು. ಅದನ್ನು ಪಂಪನ ಸೊಂಟಕ್ಕೆ ಸುತ್ತಿ ಗಂಟು ಹಾಕಿದ. ಒಂದು ತುದಿಯನ್ನು ತಾನು ಹಿಡಿದು ಇನ್ನೊಂದನ್ನು ಅಂಜಿನೇಯನಿಗೆ ಕೊಟ್ಟ. "ಇದು ಹತ್ತು ಕುದರಿ ಶಕ್ತಿ ಮೋಟಾರ್ ತಡಕೊಂಡದ. ನಿಮ್ಮ ಅಳಿಯನ್ನ ತಡೆಯಂಗಿಲ್ಲೇನು?"

ಅಂಜಿನೇಯ ಹೊಸ ಪಂಜೆಯ ತುದಿ ಮೇಲೆ ಸಿಕ್ಕಿಸಿ, ಕಾಲು ಊರಿ, ಪಟ್ಟಾ ಬಿಗಿಯಾಗಿ ಹಿಡಿದ. ಬೆಳಗಿನಿಂದ ಮೊದಲ ಸಲ ಅವನ ಮುಖ ಅರಳಿತ್ತು.

ವಿರೂಪಣ್ಣ ಪಟ್ಟಾ ಜಗ್ಗಿ ನೋಡಿದ. ಗಂಟು ಮುಟ್ಟಿ ನೋಡಿದ. ಮತ್ತೆ ಜಗ್ಗಿದ. ಆಮೇಲೆ ಎರಡೂ ಕೈ ಮುಂದೆ ಹಿಡಿದುಕೊಂಡು, "ಹಂಗಾರ ನನ್ನ ಕೈಗೇನು ಕೆಲಸ?" ಎಂದ.

"ಅವುಗಳ ಮ್ಯಾಲೆ ಕುಂದ್ರಿ, ಯಣ್ಣಾ," ಎಂದಳು ಗದ್ದೆಮ್ಮ.

ಹಾಗೆ ಹೇಳುತ್ತ ಅವಳು ಕುಣಿಯ ಆಚೆ ನೆಲದ ಮೇಲೆ, ಮೊರಮಿನ ಹರಳುಗಳ ಮೇಲೆ, ಎರಡೂ ಅಂಗೈ ಹಾಸಿ ಕೂತಳು. ಜಾಹೆದಾ ಕೂತಳು. ಬಾಗಲವಾಡದವರು ಕೂತರು. ಹಿಂದಿನವರು ಹಿಂದೆಯೇ ಕೂತರು. ಅರವತ್ತು, ಎಪ್ಪತ್ತು ಹೆಂಗಸರು. ಯಾರೂ ಕಣ್ಣು ಮುಚ್ಚಲಿಲ್ಲ.

ಪಂಪನ ಬಲಗೈ ಹೊರಟಿತು. ಪಕ್ಕದ ಮಣ್ಣಿನ ಗುಡ್ಡೆಗೆಂದು ಹೊರಟದ್ದು ಮೊದಲು ಆಕಾಶಕ್ಕೆ ಹೋಯಿತು, ಅವನದೇ ಕಿವಿಗೆ ಬಡಿಯಿತು, ಬೆನ್ನ ಹಿಂದೆ ಹೋಯಿತು. ಮರಳಿ ಬಂದು ಮಣ್ಣಿಗೆ ಮುಟ್ಟಿತು. ಹಿಡಿಯಿತು. "ಬಂತು, ಬಂತು," ಎಂದ ಯಾರೋ. ಕೈ ಎತ್ತಿದ ಕೂಡಲೇ ಮೊಣಕೈ ಝಾಡಿಸಿ ಮಣ್ಣೆಲ್ಲ ಹಿಂದಿದ್ದ ದಸ್ತಗೀರ್ ಸಾಬನ ಗಡ್ಡಕ್ಕೆ ಹಾರಿತು.

"ನನಗ ಯಾಕ ಕೊಡ್ತೀಯಪ್ಪಾ, ನಾ ಇನ್ನಾ ಜೀವಂತ ಇದೀನಿ!"

ಜನ ನಕ್ಕರು. ಪಂಪನೂ ನಕ್ಕ, ನಗುವಿಗೆ ಇಡೀ ಮೈ ಜಗ್ಗಿತು, ಪಟ್ಟಾ ಬಿಗಿಯಿತು, ಹಿಡಿದವರು ತಡೆದರು. ವಿರೂಪಣ್ಣನ ಎರಡೂ ಕೈ ಗಾಳಿಯಲ್ಲಿ ಮುಂದಕ್ಕೆ ಹಾರಿದವು. ಅಲ್ಲೇ ನಿಂತವು. ಅವುಗಳನ್ನು ಯಾರದೋ ಕೈ ಎಂಬಂತೆ ಒಂದು ಗಳಿಗೆ ನೋಡಿದ. ಆಮೇಲೆ ಆ ಅರವತ್ತೆಂಟು ವರ್ಷದ ಮುಕಾದಮ ಅಳಿಯನ ಪಕ್ಕದಲ್ಲಿ ನಿಧಾನಕ್ಕೆ ಕುಳಿತು, ಒಂದು ತೊಡೆ ಎತ್ತಿ ಒಂದು ಅಂಗೈ, ಇನ್ನೊಂದು ತೊಡೆ ಎತ್ತಿ ಇನ್ನೊಂದು ಅಂಗೈ, ಕೆಳಗೆ ಸೇರಿಸಿದ.

ಎರಡನೆಯ ಹಿಡಿ ಪಂಪನದೇ ಮಡಿಲಿಗೆ ಬಿತ್ತು. ಮೂರನೆಯದು ಹಿಡಿಗೆ ಬರಲೇ ಇಲ್ಲ. ಬಿಸಿಲು ಜಾರಿತು. ಕುಣಿ ತೋಡಿದವನು ಸಲಿಕೆ ಹಿಡಿದು, "ಹೊತ್ತಾಗಾಕತ್ತದ," ಎಂದ. "ಆಗಲಿ ಸುಮ್ಮನಿರೋ!" ಎಂದು ಅವನಿಗೆ ಗದರಿದವನು ವಿರೂಪಣ್ಣ. ಹಲಗಿಯವರು ಕೋಲು ಎತ್ತಿ ಹಿಡಿದು ಕಾದಿದ್ದರು, ಇಳಿಸಲೂ ಆಗದೆ, ಬಾರಿಸಲೂ ಆಗದೆ. ಪಂಪನ ಮುಖದಿಂದ ಬೆವರು ಇಳಿಯುತ್ತಿತ್ತು. ಒರೆಸಲು ಒಬ್ಬರೂ ಏಳಲಿಲ್ಲ.

ನಾಲ್ಕನೆಯ ಸಲ ಮುಷ್ಟಿ ಬಿಗಿಯಿತು. ಎದ್ದಿತು. ಹಿಂದಕ್ಕೆ ಹೋಯಿತು, ಎಲ್ಲರೂ ಉಸಿರು ಹಿಡಿದರು. ತಲೆಯ ಮೇಲೆ ಒಂದು ಸುತ್ತು. ಬೆರಳ ಸಂದಿಯಿಂದ ಸೋರಿತು, ಸ್ವಲ್ಪವೇ. ಎದೆಯ ಮುಂದೆ ಬಂತು. ನಡುಗಿತು. ಕುಣಿಯ ಮೇಲೆ ಬಂತು. ಈಗ ಮುಷ್ಟಿ ಬಿಚ್ಚಬೇಕು. ಹಿಡಿಯುವುದಕ್ಕಿಂತ ಬಿಡುವುದು ಅವನಿಗೆ ಎಂದೂ ಕಷ್ಟ. ಕಿರುಬೆರಳು ತೆರೆಯಿತು. ಅದರ ಪಕ್ಕದ್ದು ತೆರೆಯಿತು.

ಮಣ್ಣು ಕನಕಮ್ಮನ ಎದೆಯ ಮೇಲೆ ಬಿತ್ತು. ಆ ಸದ್ದು ಹಿಂದಿನ ಸಾಲಿಗೂ ಕೇಳಿಸಿತು ಎನ್ನುತ್ತಾರೆ.

ಆಮೇಲೆ ಯಾವ ಸದ್ದೂ ಬೇರೆಯಾಗಿ ಕೇಳಲಿಲ್ಲ. ಹಲಗಿ ಒಡೆದು ಹೋಗುವಂತೆ ಬಾರಿಸಿದರು. ಯಾರೋ ಸಿಳ್ಳೆ ಹಾಕಿದರು, ಸ್ಮಶಾನದಲ್ಲಿ. ಕಿವುಡ ಅಣ್ಣತಮ್ಮಂದಿರು ನೆಲದಿಂದ ಬರುವ ಹಲಗಿಯ ನಡುಕ ಹಿಡಿದು ಕುಣಿದರು. ಅಂಜಿನೇಯ ಪಟ್ಟಾ ಬಿಡುವುದನ್ನೇ ಮರೆತು ಅಳುತ್ತಿದ್ದ. "ಶಾಬಾಸ್ ಪಂಪಾ!" ಎಂದು ದಸ್ತಗೀರ್ ಸಾಬ್ ಕೂಗಿದ್ದು ಕಾಲುವೆಯ ಆಚೆಗೆ ಕೇಳಿಸಿತು.

ಹೆಂಗಸರು ಎದ್ದು ಸಾಲಾಗಿ ಮಣ್ಣು ಕೊಡಲು ಬಂದರು. ಒಬ್ಬೊಬ್ಬರ ಅಂಗೈಯಲ್ಲೂ ಹರಳಿನ ಗುರುತು ಕೆಂಪಗೆ ಒತ್ತಿ ಮೂಡಿತ್ತು. ಎಲ್ಲರ ಕೊನೆಗೆ ವಿರೂಪಣ್ಣ ಬಂದ. ತನ್ನ ಎರಡೂ ಅಂಗೈ ಬಿಡಿಸಿ, ಆ ಕುಳಿಕುಳಿಯಾದ ತೊಗಲನ್ನು ನೋಡುತ್ತ ಕುಣಿಯ ದಂಡೆಯ ಮೇಲೆ ಬಹಳ ಹೊತ್ತು ನಿಂತ. ಆ ಗುರುತಿನ ಮೇಲೆಯೇ ಮಣ್ಣು ತುಂಬಿಕೊಂಡು ತಂಗಿಗೆ ಕೊಟ್ಟ.

ಪಂಪಾಪತಿ ಇನ್ನೊಂದು ಹಿಡಿ ಮಣ್ಣು ತೆಗೆದುಕೊಂಡಿದ್ದ. ಅದನ್ನು ಕುಣಿಗೆ ಹಾಕಲಿಲ್ಲ. ಹೊರಡುವಾಗಲೂ ಮುಷ್ಟಿ ಬಿಚ್ಚಲಿಲ್ಲ. ಏರಿಯ ಮೇಲೆ ಕುರ್ಚಿ ಹೆಗಲೇರಿದಾಗಲೂ ಹಾಗೆಯೇ ಎದೆಗೆ ಒತ್ತಿ ಹಿಡಿದಿದ್ದ. ಅದನ್ನು ಯಾಕೆ ತಂದ, ಏನು ಮಾಡಿದ, ನನಗೆ ಗೊತ್ತಿಲ್ಲ. ಅಂಗಳದಲ್ಲಿ ಅವನನ್ನು ಕೇಳಿದ್ದೆ. ಅವನ ತುಟಿ ಆಡತೊಡಗಿತ್ತು. ಅಷ್ಟರಲ್ಲಿ ರಾಯಚೂರಿನ ಕೊನೆಯ ಬಸ್ಸು ಬಂತೆಂದರು, ನಾನು ಎದ್ದು ಬಂದೆ.